ಗುಂಪಿನ ದಾಳ: ಎಲ್ಲರೂ, ಒಬ್ಬರು, ಅರ್ಧದಷ್ಟು ಮಂದಿ

ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ತಲಾ ಒಂದೊಂದು ಕಾಲ್ಪನಿಕ ಪಾತ್ರವನ್ನು ವಹಿಸಿಕೊಂಡು, ಆ ಪಾತ್ರಗಳ ಸಾಹಸವನ್ನು ಮಾತಿನಲ್ಲೇ ಕಟ್ಟುತ್ತ ಹೋಗುವ ಆಟವನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಪಾತ್ರಾಭಿನಯದ ಆಟ ಎನ್ನಬಹುದು. ಈ ಆಟದಲ್ಲಿ ಗೇಮ್ ಮಾಸ್ಟರ್ ಎಂಬ ನಿರ್ವಾಹಕರು ಕಥೆಯ ಲೋಕವನ್ನು ವಿವರಿಸುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಮಾಡಹೊರಟ ಕೆಲಸ ಕೈಗೂಡುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳವನ್ನು ಉರುಳಿಸಿ ತೀರ್ಮಾನಿಸುತ್ತಾರೆ. ಒಬ್ಬನೇ ಒಂದು ಗೋಡೆ ಹತ್ತುವಾಗ ಈ ತೀರ್ಮಾನದಲ್ಲಿ ಗೊಂದಲವಿರುವುದಿಲ್ಲ. ಆದರೆ ಐವರ ತಂಡವೊಂದು ಕಾವಲುಗಾರರ ಕಣ್ಣು ತಪ್ಪಿಸಿ ಕೋಟೆಯೊಳಗೆ ನುಸುಳಬೇಕಾದಾಗ, ಅಥವಾ ಹನ್ನೆರಡು ಶತ್ರುಗಳು ಒಟ್ಟಾಗಿ ಒಬ್ಬ ವೀರನ ಮೇಲೆ ಬಿದ್ದಾಗ, ಎಷ್ಟು ದಾಳಗಳನ್ನು ಉರುಳಿಸಬೇಕು ಮತ್ತು ಬಂದ ಅಂಕೆಗಳನ್ನು ಹೇಗೆ ಒಂದೇ ಉತ್ತರವಾಗಿ ಕೂಡಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಇದು ಆಟದ ಸಣ್ಣ ವ್ಯವಸ್ಥೆಯ ಮಾತಿನಂತೆ ಕಂಡರೂ, ಸಂಭವನೀಯತಾ ಶಾಸ್ತ್ರದ ಹಲವು ಮೂಲಭೂತ ಫಲಿತಾಂಶಗಳು ಈ ಒಂದು ಪ್ರಶ್ನೆಯ ಸುತ್ತಲೇ ನೆಲೆಸಿವೆ.

ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದರು. ಅದರ 2014ರ ಐದನೇ ಆವೃತ್ತಿಯ ನಿಯಮಗಳು ಸರಳವೂ ವ್ಯಾಪಕವಾಗಿ ಬಳಕೆಯಲ್ಲಿರುವಂಥವೂ ಆಗಿರುವುದರಿಂದ, ಈ ಅಧ್ಯಾಯದ ಹೆಚ್ಚಿನ ಉದಾಹರಣೆಗಳನ್ನು ಅಲ್ಲಿಂದಲೇ ಆರಿಸಲಾಗಿದೆ.

ಒಂದು ದಾಳ, ಇಪ್ಪತ್ತು ಮುಖ

ಈ ಆಟದ ಮುಖ್ಯ ಸಾಧನ ಇಪ್ಪತ್ತು ಮುಖಗಳ ದಾಳ. ಅದರ ಪ್ರತಿ ಮುಖವೂ ಮೇಲೆ ಬರುವ ಸಂಭವನೀಯತೆ ಇಪ್ಪತ್ತರಲ್ಲಿ ಒಂದು, ಅಂದರೆ ಶೇ. 5. ಆಟಗಾರರು ದಾಳದಲ್ಲಿ ಬಂದ ಅಂಕೆಗೆ ತಮ್ಮ ಪಾತ್ರದ ಕೌಶಲದ ಅಂಕವನ್ನು ಕೂಡಿಸುತ್ತಾರೆ. ಆ ಮೊತ್ತವು ನಿರ್ವಾಹಕರು ಗೊತ್ತುಪಡಿಸಿದ ಕಠಿಣತೆಯ ಅಂಕವನ್ನು ಮುಟ್ಟಿದರೆ ಅಥವಾ ದಾಟಿದರೆ ಕೆಲಸ ಕೈಗೂಡುತ್ತದೆ. ಕಠಿಣತೆ 12 ಆಗಿದ್ದು ಕೌಶಲ 3 ಆಗಿದ್ದರೆ ದಾಳದಲ್ಲಿ 9 ಅಥವಾ ಹೆಚ್ಚು ಬೀಳಬೇಕಾಗುತ್ತದೆ, ಅಂಥ ಮುಖಗಳು ಹನ್ನೆರಡು ಇರುವುದರಿಂದ ಗೆಲುವಿನ ಸಂಭವನೀಯತೆ ಶೇ. 60. ಮುಂದಿನ ಲೆಕ್ಕಗಳನ್ನು ಹೋಲಿಸಿ ನೋಡಲು ಅನುಕೂಲವಾಗುವಂತೆ ಈ ಶೇ. 60ನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು: ಐವರ ತಂಡ, ಪ್ರತಿಯೊಬ್ಬರಿಗೂ ಗೆಲ್ಲುವ ಸಾಧ್ಯತೆ ಸೋಲುವುದಕ್ಕಿಂತ ತುಸು ಹೆಚ್ಚು.

ಐವರೂ ದಾಳ ಉರುಳಿಸಿದರೆ ಒಬ್ಬರ ದಾಳಕ್ಕೂ ಮತ್ತೊಬ್ಬರ ದಾಳಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಹೀಗೆ ಒಂದರ ಫಲಿತಾಂಶ ಮತ್ತೊಂದರ ಮೇಲೆ ಪ್ರಭಾವ ಬೀರದ ಘಟನೆಗಳಿಗೆ ಸ್ವತಂತ್ರ ಘಟನೆಗಳೆಂದು ಹೆಸರು. ಹಲವು ಸ್ವತಂತ್ರ ಘಟನೆಗಳೆಲ್ಲವೂ ಒಟ್ಟಿಗೆ ನಡೆಯುವ ಸಂಭವನೀಯತೆಯನ್ನು ತಿಳಿಯಲು ಪ್ರತಿಯೊಂದರ ಸಂಭವನೀಯತೆಯನ್ನು ಒಂದರೊಡನೊಂದು ಗುಣಿಸಬೇಕು ಎಂಬ ಒಂದೇ ಸೂತ್ರ ಗೊತ್ತಿದ್ದರೆ ಗುಂಪಿನ ದಾಳದ ಮೊದಲ ಎರಡು ನಿಯಮಗಳನ್ನು ಅರಿಯಬಹುದು.

ಎಲ್ಲರೂ ಗೆಲ್ಲಬೇಕೆಂಬ ನಿಯಮ, ಒಬ್ಬರು ಗೆದ್ದರೆ ಸಾಕೆಂಬ ನಿಯಮ

ನುಸುಳುವ ತಂಡದಲ್ಲಿ ಒಬ್ಬರು ಎಡವಿದರೂ ಕಾವಲುಗಾರರು ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ಸಹಜವಾದ ತರ್ಕ. ಈ ತರ್ಕವನ್ನು ನಿಯಮವಾಗಿಸಿದರೆ ಐವರೂ ಗೆಲ್ಲಲೇಬೇಕಾಗುತ್ತದೆ, 0.6ನ್ನು ಐದು ಬಾರಿ ಗುಣಿಸಿದಾಗ ಬರುವ ಉತ್ತರ 0.078, ಅಂದರೆ ಶೇ. 8ಕ್ಕೂ ಕಡಿಮೆ. ಪ್ರತಿಯೊಬ್ಬರೂ ಶೇ. 90ರಷ್ಟು ನಿಪುಣರಾಗಿದ್ದರೂ ತಂಡದ ಗೆಲುವು ಶೇ. 59ಕ್ಕೆ ಇಳಿಯುತ್ತದೆ. ಐವರ ತಂಡಕ್ಕೆ ಗೆಲುವು ಸೋಲುಗಳ ಸಮಾನ ಅವಕಾಶ ದೊರೆಯಬೇಕಾದರೆ ಒಬ್ಬೊಬ್ಬರಿಗೂ ಸುಮಾರು ಶೇ. 87ರ ಅವಕಾಶವಿರಬೇಕು. ದಪ್ಪ ಲೋಹದ ಕವಚ ತೊಟ್ಟ ಯೋಧನಿದ್ದರೆ ಸ್ಥಿತಿ ಮತ್ತೂ ಬಿಗಡಾಯಿಸುತ್ತದೆ, ಏಕೆಂದರೆ ಅಂಥವನು ಸದ್ದಿಲ್ಲದೆ ನಡೆಯಲು ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನೇ ಎಣಿಸಬೇಕೆಂಬ ಅನನುಕೂಲದ ನಿಯಮವಿದೆ; ಆಗ ಶೇ. 50ರ ಅವಕಾಶ ಶೇ. 25ಕ್ಕೆ ಕುಸಿಯುತ್ತದೆ. ಈ ನಿಯಮದಡಿ ಆಡುವ ತಂಡಗಳು ನುಸುಳುವ ಯೋಚನೆಯನ್ನೇ ಕೈಬಿಟ್ಟು ನೇರವಾಗಿ ಬಾಗಿಲು ಒಡೆಯುವುದನ್ನು ಕಲಿತರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಇದರ ಎದುರು ತುದಿಯಲ್ಲಿರುವುದು ಒಬ್ಬರು ಗೆದ್ದರೆ ಸಾಕೆಂಬ ನಿಯಮ. ಗೋಡೆಯಲ್ಲಿ ಅಡಗಿದ ಗುಪ್ತ ದ್ವಾರವೊಂದನ್ನು ಯಾರಾದರೂ ಒಬ್ಬರು ಕಂಡರೆ ಎಲ್ಲರಿಗೂ ಕಂಡಂತೆಯೇ. ಹಳೆಯ ಶಾಸನವೊಂದರ ಅರ್ಥ ಒಬ್ಬರಿಗೆ ಹೊಳೆದರೆ ಉಳಿದವರಿಗೆ ಹೇಳಬಲ್ಲರು. ಇಲ್ಲಿ ತಂಡ ಸೋಲಬೇಕಾದರೆ ಐವರೂ ಸೋಲಬೇಕು. ಐವರೂ ಸೋಲುವ ಸಂಭವನೀಯತೆ 0.4ನ್ನು ಐದು ಬಾರಿ ಗುಣಿಸಿದಾಗ ದೊರೆಯುವ 0.010, ಹಾಗಾಗಿ ಗೆಲುವಿನ ಸಂಭವನೀಯತೆ ಶೇ. 99. ನಿರ್ವಾಹಕರು ಕಷ್ಟಪಟ್ಟು ಹೆಣೆದ ರಹಸ್ಯವು ಐವರು ದಾಳ ಕೈಗೆತ್ತಿಕೊಂಡ ಕ್ಷಣದಲ್ಲೇ ರಹಸ್ಯವಾಗಿ ಉಳಿಯುವುದಿಲ್ಲ.

ಈ ಎರಡನೆಯ ಲೆಕ್ಕವು ಸಂಭವನೀಯತಾ ಶಾಸ್ತ್ರದ ಹುಟ್ಟಿನೊಂದಿಗೇ ಬೆಸೆದುಕೊಂಡಿದೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಷೆವಾಲಿಯೆ ದ ಮೆರೆ ಎಂಬವರು ಎತ್ತಿದ ಜೂಜಿನ ಪ್ರಶ್ನೆಗಳ ಬಗ್ಗೆ ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ದ ಫರ್ಮಾ 1654ರಲ್ಲಿ ಪತ್ರಗಳ ಮೂಲಕ ಚರ್ಚಿಸಿದರು. ಆರು ಮುಖದ ಒಂದು ದಾಳವನ್ನು ನಾಲ್ಕು ಬಾರಿ ಎಸೆದರೆ ಒಮ್ಮೆಯಾದರೂ ಆರು ಬೀಳುವ ಸಂಭವನೀಯತೆ ಶೇ. 51.8, ಎರಡು ದಾಳಗಳನ್ನು ಇಪ್ಪತ್ತನಾಲ್ಕು ಬಾರಿ ಎಸೆದರೆ ಒಮ್ಮೆಯಾದರೂ ಜೋಡಿ ಆರು ಬೀಳುವ ಸಂಭವನೀಯತೆ ಶೇ. 49.1. ಪ್ರಮಾಣದ ದೃಷ್ಟಿಯಿಂದ ಎರಡೂ ಒಂದೇ ಎಂದು ತೋರಿದರೂ ಒಂದು ಪಂದ್ಯ ಲಾಭದ್ದು, ಇನ್ನೊಂದು ನಷ್ಟದ್ದು. ಮೊದಲು ಸೋಲಿನ ಸಂಭವನೀಯತೆಯನ್ನು ಕಂಡುಹಿಡಿದು ಒಂದರಿಂದ ಕಳೆಯುವ ವಿಧಾನವನ್ನು ಬಳಸಿದರೆ ಈ ಒಗಟು ಬಿಡುತ್ತದೆ, ಗುಪ್ತ ದ್ವಾರದ ಲೆಕ್ಕವೂ ಅದೇ ವಿಧಾನದ್ದು. ಇಪ್ಪತ್ತು ಮುಖದ ದಾಳದಲ್ಲಿ 20 ಬೀಳುವುದು ಒಬ್ಬರ ಪಾಲಿಗೆ ಶೇ. 5ರ ಅಪರೂಪ, ಐವರು ಒಟ್ಟಿಗೆ ಉರುಳಿಸಿದರೆ ಒಬ್ಬರಿಗಾದರೂ 20 ಬೀಳುವುದು ಶೇ. 22.6, ಹದಿನಾಲ್ಕು ದಾಳಗಳಾದರೆ ಅದು ಅರ್ಧವನ್ನೂ ದಾಟುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ದಾಳ ಬದಲಾಗಲಿಲ್ಲ, ಆಟಗಾರರ ಕೌಶಲ ಬದಲಾಗಲಿಲ್ಲ, ಕಠಿಣತೆಯ ಅಂಕವೂ ಬದಲಾಗಲಿಲ್ಲ. ಕೂಡಿಸುವ ನಿಯಮವೊಂದು ಬದಲಾದಾಗ ಗೆಲುವು ಶೇ. 8ರಿಂದ ಶೇ. 99ಕ್ಕೆ ಜಿಗಿಯಿತು. ಎಲ್ಲರೂ ಒಮ್ಮೆ ದಾಳ ಉರುಳಿಸಿ ಎಂದು ನಿರ್ವಾಹಕರು ಹೇಳುವಾಗ ಈ ಎರಡರಲ್ಲಿ ಯಾವ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂಬುದರಲ್ಲೇ ಕಥೆಯ ಮುಂದಿನ ತಿರುವು ಬಹುಪಾಲು ನಿರ್ಧಾರವಾಗಿರುತ್ತದೆ.

ಅರ್ಧದಷ್ಟು ಮಂದಿ ಗೆದ್ದರೆ

ಈ ಎರಡು ಅತಿರೇಕಗಳ ನಡುವಿನ ದಾರಿಯಾಗಿ 2014ರ ಆವೃತ್ತಿಯು ಗ್ರೂಪ್ ಚೆಕ್ ಅಥವಾ ಗುಂಪಿನ ಪರೀಕ್ಷೆ ಎಂಬ ನಿಯಮವನ್ನು ಕೊಟ್ಟಿತು. ಅದರಂತೆ ತಂಡದ ಎಲ್ಲರೂ ದಾಳ ಉರುಳಿಸುತ್ತಾರೆ; ಕನಿಷ್ಠ ಅರ್ಧದಷ್ಟು ಮಂದಿ ಗೆದ್ದರೆ ಇಡೀ ತಂಡ ಗೆದ್ದಂತೆ, ಇಲ್ಲವಾದರೆ ಇಡೀ ತಂಡ ಸೋತಂತೆ. ನಿಪುಣರಾದವರು ಅಷ್ಟು ನಿಪುಣರಲ್ಲದವರನ್ನು ಕೈಹಿಡಿದು ದಾಟಿಸುತ್ತಾರೆ ಎಂಬುದು ಈ ನಿಯಮದ ಹಿಂದಿನ ಕಲ್ಪನೆ.

ಇದರ ಲೆಕ್ಕಕ್ಕೆ ದ್ವಿಪದ ವಿತರಣೆ ಬೇಕು. ಎರಡೇ ಫಲಿತಾಂಶವಿರುವ ಪ್ರಯೋಗವೊಂದನ್ನು ಹಲವು ಬಾರಿ ಸ್ವತಂತ್ರವಾಗಿ ಮಾಡಿದಾಗ, ಒಂದು ಬಗೆಯ ಫಲಿತಾಂಶ ಎಷ್ಟು ಬಾರಿ ಬರಬಹುದು ಎಂಬುದನ್ನು ಹೇಳುವ ಪಟ್ಟಿಗೆ ಈ ಹೆಸರು. ಮೈಸೂರು ಸೀಮೆಯ ಮನೆಗಳಲ್ಲಿ ಆಡುವ ಚೌಕಾಬಾರದ ನಾಲ್ಕು ಕವಡೆಗಳು ಇದಕ್ಕೆ ಕಣ್ಣೆದುರಿನ ಉದಾಹರಣೆ. ಕವಡೆಯ ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆಂದು ಭಾವಿಸಿದರೆ ಒಟ್ಟು ಹದಿನಾರು ಸಮಾನ ಸಾಧ್ಯತೆಗಳಿವೆ. ಅವುಗಳಲ್ಲಿ ಎರಡು ಕವಡೆ ಬಾಯಿ ಮೇಲಾಗಿ ಬೀಳುವ ಬಗೆ ಆರು, ಒಂದು ಅಥವಾ ಮೂರು ಬೀಳುವ ಬಗೆ ನಾಲ್ಕು ನಾಲ್ಕು, ನಾಲ್ಕೂ ಮೇಲಾಗುವ ಮತ್ತು ನಾಲ್ಕೂ ಕವುಚಿಕೊಳ್ಳುವ ಬಗೆ ತಲಾ ಒಂದು. ಕಡೆಯ ಎರಡು ಅಪರೂಪದ ಎಸೆತಗಳಿಗೇ ನಾಲ್ಕು ಮತ್ತು ಎಂಟರ ನಡೆಯನ್ನೂ ಮರು ಎಸೆತದ ಬಹುಮಾನವನ್ನೂ ಆಟ ಮೀಸಲಿಟ್ಟಿರುವುದು ಸಂಭವನೀಯತೆಗೆ ತಕ್ಕ ಏರ್ಪಾಡು. ಗುಂಪಿನ ದಾಳದಲ್ಲಿಯೂ ಹೀಗೆಯೇ ನಡುವಿನ ಎಣಿಕೆಗಳು ಹೆಚ್ಚು ಬಾರಿ ಬರುತ್ತವೆ, ತುದಿಯವು ವಿರಳ.

ಮಾದರಿ ತಂಡಕ್ಕೆ ಈ ವಿಧಾನವನ್ನು ಅನ್ವಯಿಸಿದರೆ, ಐವರಲ್ಲಿ ಕನಿಷ್ಠ ಮೂವರು ಗೆಲ್ಲುವ ಸಂಭವನೀಯತೆ ಶೇ. 68. ಒಬ್ಬೊಬ್ಬರ ಶೇ. 60ಕ್ಕಿಂತ ಇದು ತುಸು ಹೆಚ್ಚು. ಗುಂಪು ಒಂದಾಗಿ ನಡೆದುದರಿಂದ ಸಣ್ಣ ಲಾಭವಾಗಿದೆ, ಆದರೆ ಸೋಲಿನ ಭಯ ಉಳಿದೇ ಇದೆ. ಕಥೆಗೆ ಬೇಕಾದ ಬಿಗುವು ಇರುವುದು ಈ ಪ್ರದೇಶದಲ್ಲೇ.

ಕೌಶಲದಲ್ಲಿ ಏರುಪೇರಿರುವ ತಂಡದಲ್ಲಿ ನಿಯಮದ ಗುಣ ಇನ್ನಷ್ಟು ಸ್ಪಷ್ಟವಾಗುತ್ತದೆ. ನಾಲ್ವರಲ್ಲಿ ಕಳ್ಳನಿಗೆ ಶೇ. 90, ಬೇಟೆಗಾರನಿಗೆ ಶೇ. 70, ಮಾಂತ್ರಿಕನಿಗೆ ಶೇ. 50, ಕವಚಧಾರಿ ಯೋಧನಿಗೆ ಶೇ. 20ರ ಅವಕಾಶವಿದೆ ಎಂದುಕೊಂಡರೆ, ಎಲ್ಲರೂ ಗೆಲ್ಲುವ ಸಂಭವನೀಯತೆ ಶೇ. 6, ಒಬ್ಬರಾದರೂ ಗೆಲ್ಲುವುದು ಶೇ. 99, ಕನಿಷ್ಠ ಇಬ್ಬರು ಗೆಲ್ಲುವುದು ಶೇ. 84. ಮೊದಲ ನಿಯಮದಲ್ಲಿ ತಂಡದ ಭವಿಷ್ಯವನ್ನು ಬಹುಮಟ್ಟಿಗೆ ಯೋಧನ ದೌರ್ಬಲ್ಯವೇ ಬರೆದರೆ, ಎರಡನೆಯದರಲ್ಲಿ ಕಳ್ಳನೊಬ್ಬನೇ ಸಾಕಾಗುತ್ತಾನೆ. ಮೂರನೆಯದರಲ್ಲಿ ಮಾತ್ರ ನಾಲ್ವರ ಕೌಶಲಕ್ಕೂ ಬೆಲೆ ಇದೆ.

ಆದರೆ ಈ ನಿಯಮದಲ್ಲೂ ಒಂದು ವಿಚಿತ್ರ ಅಡಗಿದೆ. ಪ್ರತಿಯೊಬ್ಬರ ಅವಕಾಶ ಶೇ. 60 ಆಗಿರುವಾಗ ಮೂವರ ತಂಡದ ಗೆಲುವು ಶೇ. 65, ನಾಲ್ವರದು ಶೇ. 82, ಐವರದು ಶೇ. 68, ಆರು ಮಂದಿಯದು ಮತ್ತೆ ಶೇ. 82. ತಂಡದ ಸಂಖ್ಯೆ ಸಮವಾಗಿದ್ದಾಗ ಸರಿಯಾಗಿ ಅರ್ಧಕ್ಕೆ ನಿಂತ ಫಲಿತಾಂಶವೂ ಗೆಲುವೆಂದೇ ಎಣಿಕೆಯಾಗುವುದರಿಂದ ಈ ಏರಿಳಿತ ಉಂಟಾಗುತ್ತದೆ. ಐವರಲ್ಲಿ ಒಬ್ಬರು ಆ ದಿನ ಆಟಕ್ಕೆ ಬಾರದಿದ್ದರೆ ಉಳಿದ ನಾಲ್ವರ ಗೆಲುವಿನ ಸಾಧ್ಯತೆ ಹದಿನಾಲ್ಕು ಅಂಶಗಳಷ್ಟು ಏರುತ್ತದೆ ಎಂಬುದು ನಿಯಮ ಬರೆದವರ ಉದ್ದೇಶವಾಗಿರಲಾರದು. ಸಮಸಂಖ್ಯೆಯ ತಂಡಗಳಿಗೆ ಕಠಿಣತೆಯನ್ನು ತುಸು ಏರಿಸುವುದು, ಅಥವಾ ಅರ್ಧಕ್ಕೆ ನಿಂತಾಗ ಗೆಲುವಿನೊಂದಿಗೆ ಸಣ್ಣ ತೊಡಕೊಂದನ್ನು ಸೇರಿಸುವುದು ಇದಕ್ಕೆ ಸುಲಭ ಪರಿಹಾರ.

ನ್ಯಾಯಮಂಡಳಿಯ ಪ್ರಮೇಯ

ಬೆಸಸಂಖ್ಯೆಯ ತಂಡಗಳನ್ನಷ್ಟೇ ನೋಡಿದರೆ ಒಬ್ಬರಿಗೆ ಶೇ. 60, ಮೂವರಿಗೆ ಶೇ. 65, ಐವರಿಗೆ ಶೇ. 68, ಏಳು ಮಂದಿಗೆ ಶೇ. 71 ಎಂದು ಗೆಲುವು ನಿಧಾನವಾಗಿ ಏರುತ್ತ ಹೋಗುತ್ತದೆ. ಈ ಏರಿಕೆಯನ್ನು ಇಂಥ ಆಟಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು, 1785ರಲ್ಲಿ, ಫ್ರೆಂಚ್ ಚಿಂತಕ ಕೊಂಡಾರ್ಸೆ ನ್ಯಾಯಮಂಡಳಿಗಳ ಸಂದರ್ಭದಲ್ಲಿ ನಿರೂಪಿಸಿದ್ದರು. ಸರಿಯಾದ ತೀರ್ಪು ಕೊಡುವ ಸಂಭವನೀಯತೆ ಪ್ರತಿ ಸದಸ್ಯರಿಗೂ ಅರ್ಧಕ್ಕಿಂತ ಹೆಚ್ಚಿದ್ದು, ಸದಸ್ಯರು ಒಬ್ಬರ ಪ್ರಭಾವಕ್ಕೆ ಇನ್ನೊಬ್ಬರು ಸಿಲುಕದೆ ಸ್ವತಂತ್ರವಾಗಿ ಯೋಚಿಸಿದರೆ, ಮಂಡಳಿ ದೊಡ್ಡದಾದಷ್ಟೂ ಬಹುಮತದ ತೀರ್ಪು ಸರಿಯಾಗಿರುವ ಸಂಭವನೀಯತೆ ಒಂದರತ್ತ ಸಾಗುತ್ತದೆ ಎಂಬುದು ಅವರ ಪ್ರಮೇಯದ ಸಾರ.

ಅದೇ ಪ್ರಮೇಯಕ್ಕೆ ಕತ್ತಲ ಮುಖವೊಂದಿದೆ. ಒಬ್ಬೊಬ್ಬರ ಅವಕಾಶ ಅರ್ಧಕ್ಕಿಂತ ಕಡಿಮೆಯಿದ್ದರೆ ಗುಂಪು ದೊಡ್ಡದಾದಷ್ಟೂ ಸೋಲು ಖಚಿತವಾಗುತ್ತದೆ. ಒಬ್ಬರಿಗೆ ಶೇ. 40 ಇದ್ದಾಗ ಮೂವರ ತಂಡಕ್ಕೆ ಶೇ. 35, ಐವರಿಗೆ ಶೇ. 32, ಏಳು ಮಂದಿಗೆ ಶೇ. 29 ಮಾತ್ರ. ಹಾಗಾಗಿ ಗುಂಪಿನ ಪರೀಕ್ಷೆ ಎಲ್ಲ ಸಂದರ್ಭದಲ್ಲೂ ಆಟಗಾರರಿಗೆ ತೋರುವ ಔದಾರ್ಯವಲ್ಲ. ಸುಲಭವಾದುದನ್ನು ಅದು ಇನ್ನಷ್ಟು ಸುಲಭವಾಗಿಸುತ್ತದೆ, ಕಠಿಣವಾದುದನ್ನು ಇನ್ನಷ್ಟು ಕಠಿಣವಾಗಿಸುತ್ತದೆ. ತಂಡಕ್ಕೆ ಒಗ್ಗದ ಕೆಲಸವನ್ನು ಎಲ್ಲರಿಂದ ಮಾಡಿಸುವ ಬದಲು ಬಲ್ಲವರೊಬ್ಬರಿಂದ ಮಾಡಿಸಿ, ಉಳಿದವರು ಅವರಿಗೆ ನೆರವಾಗುವಂತೆ ಮಾಡುವುದು ಅಂಥಲ್ಲಿ ಲೇಸು. ನೆರವು ಸಿಕ್ಕವರು ಎರಡು ದಾಳ ಉರುಳಿಸಿ ಹೆಚ್ಚು ಬಂದದ್ದನ್ನು ಎಣಿಸಬಹುದೆಂಬ ಅನುಕೂಲದ ನಿಯಮ ಇದೇ ಆವೃತ್ತಿಯಲ್ಲಿದೆ, ಅದರಿಂದ ಶೇ. 60ರ ಅವಕಾಶ ಶೇ. 84ಕ್ಕೆ ಏರುತ್ತದೆ, ಆದರೆ ಶೇ. 99ರ ನಿಶ್ಚಿತತೆಯನ್ನು ಮುಟ್ಟುವುದಿಲ್ಲ. ಗುಪ್ತ ದ್ವಾರ ಮತ್ತು ಪ್ರಾಚೀನ ಶಾಸನದಂಥ ಪ್ರಸಂಗಗಳಿಗೆ ಈ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ.

ನಿರ್ವಾಹಕರು ಅರಿವಿಲ್ಲದೆಯೇ ಮಾಡುವ ಮತ್ತೊಂದು ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಕೋಟೆಯ ಗೋಡೆಯ ಬಳಿ ಒಮ್ಮೆ, ಅಂಗಳದಲ್ಲಿ ಒಮ್ಮೆ, ಮಹಡಿಯ ಮೆಟ್ಟಿಲಲ್ಲಿ ಒಮ್ಮೆ ಎಂದು ಒಂದೇ ರಾತ್ರಿಯಲ್ಲಿ ಮೂರು ಗುಂಪಿನ ಪರೀಕ್ಷೆಗಳನ್ನು ಕೇಳಿದರೆ, ಮೂರರಲ್ಲೂ ಗೆಲ್ಲುವ ಸಂಭವನೀಯತೆ ಶೇ. 68ರಿಂದ ಶೇ. 32ಕ್ಕೆ ಇಳಿಯುತ್ತದೆ. ಜನರ ನಡುವೆ ತೆಗೆದುಹಾಕಿದ ಎಲ್ಲರೂ ಗೆಲ್ಲಬೇಕೆಂಬ ನಿಯಮ ಕಾಲದ ದಾರಿಯಿಂದ ಮರಳಿ ಬಂದಂತಾಯಿತು. ಬರ್ನಿಂಗ್ ವೀಲ್ ಎಂಬ ಆಟವು ಇದನ್ನು ತಡೆಯಲೆಂದೇ, ಸನ್ನಿವೇಶ ಗಣನೀಯವಾಗಿ ಬದಲಾಗದ ಹೊರತು ಒಮ್ಮೆ ಬಂದ ಫಲಿತಾಂಶವೇ ಕೊನೆಯವರೆಗೆ ಅನ್ವಯಿಸುತ್ತದೆ, ಅದೇ ಕೆಲಸಕ್ಕೆ ಮತ್ತೆ ದಾಳ ಉರುಳಿಸುವಂತಿಲ್ಲ ಎಂಬ ನಿಯಮವನ್ನು ಇಟ್ಟುಕೊಂಡಿದೆ.

ಗೆಲುವಿಗೆ ಬೆಲೆ ಕಟ್ಟುವ ದಾರಿ

ಜಾನ್ ಹಾರ್ಪರ್ ರಚಿಸಿದ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಆಟ ಈ ಸಮಸ್ಯೆಯನ್ನು ಬೇರೆ ದಿಕ್ಕಿನಿಂದ ಬಿಡಿಸಿದೆ. ಇದರಲ್ಲಿ ಆರು ಮುಖದ ದಾಳಗಳು ಬಳಕೆಯಲ್ಲಿವೆ. ಪಾತ್ರದ ಕೌಶಲ ಎಷ್ಟೋ ಅಷ್ಟು ದಾಳಗಳನ್ನು ಉರುಳಿಸಿ, ಅವುಗಳಲ್ಲಿ ಅತಿ ಹೆಚ್ಚು ಬಂದ ಒಂದನ್ನು ಮಾತ್ರ ಎಣಿಸುತ್ತಾರೆ. ಆರು ಬಂದರೆ ಪೂರ್ಣ ಗೆಲುವು, ನಾಲ್ಕು ಅಥವಾ ಐದಾದರೆ ತೊಡಕಿನೊಂದಿಗೆ ಗೆಲುವು, ಮೂರು ಅಥವಾ ಕಡಿಮೆಯಾದರೆ ಸೋಲು. ತಂಡ ಒಟ್ಟಾಗಿ ಕೆಲಸ ಮಾಡುವಾಗ ಒಬ್ಬರು ಮುಂದಾಳಾಗುತ್ತಾರೆ, ಎಲ್ಲರೂ ದಾಳ ಉರುಳಿಸುತ್ತಾರೆ, ಎಲ್ಲರ ಪೈಕಿ ಅತ್ಯುತ್ತಮ ಫಲಿತಾಂಶವೇ ತಂಡದ ಫಲಿತಾಂಶವಾಗುತ್ತದೆ. ಆದರೆ ಮೂರು ಅಥವಾ ಕಡಿಮೆ ಪಡೆದ ಪ್ರತಿಯೊಬ್ಬರ ಲೆಕ್ಕದಲ್ಲಿ ಮುಂದಾಳು ಒಂದೊಂದು ಅಂಕ ಒತ್ತಡವನ್ನು ಹೊರಬೇಕಾಗುತ್ತದೆ. ಒತ್ತಡವೆಂದರೆ ಇಲ್ಲಿ ಪಾತ್ರದ ಸಹನೆಯನ್ನು ಅಳೆಯುವ, ಮಿತವಾಗಿ ದೊರೆಯುವ ಸಂಪನ್ಮೂಲ.

ನಾಲ್ವರು ತಲಾ ಎರಡು ದಾಳ ಉರುಳಿಸಿದರೆ ಒಟ್ಟು ಎಂಟು ದಾಳಗಳಲ್ಲಿ ಒಂದಾದರೂ ಆರು ಬೀಳುವ ಸಂಭವನೀಯತೆ ಶೇ. 77, ನಾಲ್ವರೂ ಸೋಲುವುದು 256ರಲ್ಲಿ ಒಮ್ಮೆ ಮಾತ್ರ. ಒಬ್ಬರು ಮೂರು ಅಥವಾ ಕಡಿಮೆ ಪಡೆಯುವ ಸಂಭವನೀಯತೆ ನಾಲ್ಕರಲ್ಲಿ ಒಂದಾದ್ದರಿಂದ ಮುಂದಾಳು ಹೊರಬೇಕಾದ ಒತ್ತಡದ ನಿರೀಕ್ಷಿತ ಮೌಲ್ಯ, ಅಂದರೆ ಹಲವಾರು ಬಾರಿ ಆಡಿದಾಗ ಬರುವ ಸರಾಸರಿ, ಒಂದು ಅಂಕ. ಒಬ್ಬರು ಗೆದ್ದರೆ ಸಾಕೆಂಬ ಉದಾರ ನಿಯಮವನ್ನೇ ಇಟ್ಟುಕೊಂಡು, ದುರ್ಬಲರನ್ನು ಜೊತೆಗೆ ಕರೆದೊಯ್ಯುವ ವೆಚ್ಚವನ್ನು ಬೇರೆ ಖಾತೆಗೆ ಬರೆದಿರುವುದು ಈ ನಿಯಮದ ಜಾಣ್ಮೆ. ತಂಡ ಗೆಲ್ಲುತ್ತದೋ ಎಂಬ ಪ್ರಶ್ನೆಯ ಜಾಗದಲ್ಲಿ ಗೆಲುವಿಗೆ ಎಷ್ಟು ತೆರಬೇಕಾದೀತು ಎಂಬ ಪ್ರಶ್ನೆ ಬಂದು ಕೂರುತ್ತದೆ.

ಎಲ್ಲರಿಗೂ ಒಂದೇ ದಾಳ

ಇದುವರೆಗಿನ ಲೆಕ್ಕಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ದಾಳವಿತ್ತು. ನಿರ್ವಾಹಕರು ನಡೆಸುವ ಶತ್ರುಗಳ ವಿಷಯದಲ್ಲಿ ಸಮಯ ಉಳಿಸಲೆಂದು ಇಡೀ ಗುಂಪಿಗೆ ಒಂದೇ ದಾಳ ಉರುಳಿಸುವುದು ವಾಡಿಕೆ. ಕಾಳಗದಲ್ಲಿ ಯಾರು ಮೊದಲು ಎಂಬುದನ್ನು ನಿರ್ಧರಿಸುವ ಇನಿಷಿಯೇಟಿವ್ ಎಂಬ ಸರದಿಯ ದಾಳವನ್ನು ಒಂದೇ ಜಾತಿಯ ಶತ್ರುಗಳ ಗುಂಪಿಗೆ ಒಮ್ಮೆ ಮಾತ್ರ ಉರುಳಿಸಬೇಕೆಂದು ಐದನೇ ಆವೃತ್ತಿಯೇ ಹೇಳುತ್ತದೆ.

ಇದರಿಂದ ಸರಾಸರಿ ಬದಲಾಗುವುದಿಲ್ಲ, ಆದರೆ ಫಲಿತಾಂಶಗಳ ಹರಡಿಕೆ ಪೂರ್ತಿಯಾಗಿ ಬದಲಾಗುತ್ತದೆ. ಒಬ್ಬ ವೀರ ಮತ್ತು ಒಂದೇ ಜಾತಿಯ ಶತ್ರುಗಳಾದ ಆರು ಗಾಬ್ಲಿನ್‌ಗಳು ಎದುರಾಗಿದ್ದು ಎಲ್ಲರ ಚುರುಕುತನವೂ ಸಮವಾಗಿದೆ ಎಂದು ಭಾವಿಸಿ, ಸಮಾನ ಅಂಕ ಬಂದ ಪ್ರಸಂಗಗಳನ್ನು ಬದಿಗಿಟ್ಟು ನೋಡಬಹುದು. ಏಳೂ ಮಂದಿಗೆ ಪ್ರತ್ಯೇಕ ದಾಳವಾದರೆ ವೀರನು ಸರದಿಯ ಕಟ್ಟಕಡೆಗೆ ಬೀಳುವ ಸಂಭವನೀಯತೆ ಏಳರಲ್ಲಿ ಒಂದು. ಗಾಬ್ಲಿನ್‌ಗಳಿಗೆಲ್ಲ ಒಂದೇ ದಾಳವಾದರೆ ಅದು ಎರಡರಲ್ಲಿ ಒಂದು. ಅಂದರೆ ತಾನು ಕೈ ಎತ್ತುವ ಮುನ್ನವೇ ಆರೂ ಏಟುಗಳನ್ನು ತಿನ್ನುವ ಅಪಾಯ ವೀರನಿಗೆ ಮೂರೂವರೆ ಪಟ್ಟು ಹೆಚ್ಚಿದೆ. ಆರೂ ಮಂದಿಗಿಂತ ಮೊದಲು ತಾನೇ ನುಗ್ಗುವ ಅದೃಷ್ಟವೂ ಅಷ್ಟೇ ಪಟ್ಟು ಹೆಚ್ಚಿದೆ. ಘಟನೆಗಳು ಹೀಗೆ ಒಂದಕ್ಕೊಂದು ಕಟ್ಟುಬಿದ್ದು ಏಕಕಾಲದಲ್ಲಿ ಏರುವುದು ಅಥವಾ ಇಳಿಯುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧ ಎಂದು ಹೆಸರು. ಒಂದೇ ದಾಳ ಎಲ್ಲರಿಗೂ ಅನ್ವಯಿಸಿದಾಗ ಸಹಸಂಬಂಧ ಪೂರ್ಣವಾಗಿರುತ್ತದೆ, ಪ್ರತ್ಯೇಕ ದಾಳಗಳಲ್ಲಿ ಅದು ಸೊನ್ನೆ.

ಫೈರ್‌ಬಾಲ್ ಎಂಬ ಅಗ್ನಿಮಂತ್ರದ ನಿಯಮದಲ್ಲಿ ಈ ಎರಡೂ ಬಗೆಗಳು ಕೂಡಿವೆ. ಮಂತ್ರದ ಹಾನಿಯನ್ನು ಆರು ಮುಖದ ಎಂಟು ದಾಳಗಳಿಂದ ಒಮ್ಮೆ ಮಾತ್ರ ಎಣಿಸಿ ಬೆಂಕಿಗೆ ಸಿಕ್ಕಿದ ಎಲ್ಲರಿಗೂ ಅನ್ವಯಿಸುತ್ತಾರೆ. ಅದರ ಸರಾಸರಿ 28. ಆದರೆ ಬೆಂಕಿಯಿಂದ ಅರ್ಧದಷ್ಟು ತಪ್ಪಿಸಿಕೊಳ್ಳಲು ಪ್ರತಿಯೊಬ್ಬರೂ ತಮ್ಮದೇ ದಾಳ ಉರುಳಿಸುತ್ತಾರೆ. ಸ್ಫೋಟದ ಬಲ ಎಲ್ಲರಿಗೂ ಒಂದೇ ಆಗಿದ್ದು ತಪ್ಪಿಸಿಕೊಳ್ಳುವ ಚುರುಕುತನ ಮಾತ್ರ ಅವರವರದಾಗಿರುವುದರಿಂದ, ಕಾರಣಗಳ ರಚನೆಯನ್ನೇ ದಾಳಗಳ ರಚನೆ ಅನುಸರಿಸಿದೆ. ಯಾವ ಸಂಗತಿಗೆ ಒಂದು ದಾಳ, ಯಾವುದಕ್ಕೆ ಹಲವು ಎಂಬ ಸಂದೇಹಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಗುಂಪು ಸೈನ್ಯವಾದಾಗ

ಇತಿಹಾಸದ ಕಡೆಯಿಂದ ನೋಡಿದರೆ ಗುಂಪಿನ ದಾಳವೇ ಹಳೆಯದು, ಒಬ್ಬೊಬ್ಬರ ದಾಳ ಹೊಸದು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಸೇನಾ ತರಬೇತಿಗೆಂದು ರೂಪಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧದ ಆಟದಲ್ಲಿ ಇಡೀ ಪಡೆಗಳ ಸಾವುನೋವನ್ನು ದಾಳದಿಂದ ಎಣಿಸುತ್ತಿದ್ದರು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ಚೈನ್‌ಮೇಲ್‌ನಲ್ಲಿಯೂ ಮಧ್ಯಯುಗದ ಸೈನ್ಯಗಳ ಕಾಳಗಕ್ಕೆ, ಎರಡೂ ಕಡೆಯ ಸೈನಿಕರ ಬಗೆಯನ್ನು ನೋಡಿಕೊಂಡು ಇಷ್ಟು ಮಂದಿಗೆ ಇಷ್ಟು ದಾಳ ಎಂಬ ಲೆಕ್ಕವಿತ್ತು. ಪ್ರತಿ ಆಟಗಾರರೂ ಒಬ್ಬನೇ ವ್ಯಕ್ತಿಯ ಪಾತ್ರ ವಹಿಸುವ ಪದ್ಧತಿ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಬೆಳೆದು 1974ರ ಆಟಕ್ಕೆ ಬಂದಿತು. ವ್ಯಕ್ತಿಯತ್ತ ಬಂದ ಆಟ, ಶತ್ರುಗಳ ಸಂಖ್ಯೆ ಹೆಚ್ಚಾದಾಗ ಮತ್ತೆ ಸೈನ್ಯದ ಲೆಕ್ಕಕ್ಕೆ ಮರಳಬೇಕಾಗುತ್ತದೆ.

2014ರ ನಿರ್ವಾಹಕರ ಕೈಪಿಡಿಯಲ್ಲಿ ದೊಡ್ಡ ಗುಂಪುಗಳಿಗೆಂದೇ ಒಂದು ಕೋಷ್ಟಕವಿದೆ. ಗುರಿಗೆ ತಾಗಲು ದಾಳದಲ್ಲಿ ಎಷ್ಟು ಬೀಳಬೇಕು ಎಂಬುದನ್ನು ನೋಡಿ, ಒಂದು ಏಟು ತಾಗಲು ಎಷ್ಟು ಮಂದಿ ದಾಳಿ ಮಾಡಬೇಕೆಂದು ಅದು ಹೇಳುತ್ತದೆ: 5 ಅಥವಾ ಕಡಿಮೆ ಸಾಕಾದರೆ ಒಬ್ಬರು, 6ರಿಂದ 12 ಬೇಕಾದರೆ ಇಬ್ಬರು, 13 ಅಥವಾ 14 ಆದರೆ ಮೂವರು, 15 ಅಥವಾ 16 ಆದರೆ ನಾಲ್ವರು, 17 ಅಥವಾ 18 ಆದರೆ ಐವರು, 19 ಆದರೆ ಹತ್ತು, 20 ಆದರೆ ಇಪ್ಪತ್ತು. ಹನ್ನೆರಡು ಗಾಬ್ಲಿನ್‌ಗಳಿಗೆ 13 ಬೇಕಾಗಿದ್ದರೆ ದಾಳವನ್ನೇ ಮುಟ್ಟದೆ ನಾಲ್ಕು ಏಟುಗಳೆಂದು ಬರೆದುಕೊಳ್ಳಬಹುದು.

ನಿಜವಾಗಿ ಹನ್ನೆರಡು ದಾಳ ಉರುಳಿಸಿದ್ದರೆ ಒಂದೊಂದಕ್ಕೂ ಶೇ. 40ರಂತೆ ನಿರೀಕ್ಷಿತ ಮೌಲ್ಯ 4.8 ಏಟು, ಕೋಷ್ಟಕ ಇಲ್ಲಿ ಆಟಗಾರರ ಕಡೆಗೆ ಸ್ವಲ್ಪ ವಾಲಿದೆ. ಅದಕ್ಕಿಂತ ಮುಖ್ಯವಾದುದು ಕೋಷ್ಟಕ ಅಳಿಸಿಹಾಕುವ ಏರುಪೇರು. ಫಲಿತಾಂಶಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬುದನ್ನು ಅಳೆಯುವ ಮಾನಕ ವಿಚಲನೆ ಇಲ್ಲಿ 1.7, ಹಾಗಾಗಿ ಮೂರರಿಂದ ಆರು ಏಟುಗಳು ಸಾಮಾನ್ಯ, ಎಂಟು ಅಥವಾ ಹೆಚ್ಚು ಏಟುಗಳು ಬೀಳುವ ಸಂಭವನೀಯತೆಯೂ ಸುಮಾರು ಶೇ. 6ರಷ್ಟಿದೆ. ಆ ಶೇ. 6ರಲ್ಲಿ ವೀರನೊಬ್ಬ ಸಾಯಬಹುದಾಗಿತ್ತು. ಕೋಷ್ಟಕದಲ್ಲಿ ಆ ಸಾವಿಗೆ ಜಾಗವಿಲ್ಲ.

ಗುಂಪು ನೂರಕ್ಕೆ ಏರಿದಾಗ ಈ ಆಕ್ಷೇಪ ಬಹುಮಟ್ಟಿಗೆ ತಾನಾಗಿಯೇ ಕರಗುತ್ತದೆ. ಆಗ ನಿರೀಕ್ಷಿತ ಏಟುಗಳು 40, ಮಾನಕ ವಿಚಲನೆ 4.9. ಹನ್ನೆರಡರಲ್ಲಿ ಸರಾಸರಿಯ ಶೇ. 35ರಷ್ಟಿದ್ದ ಏರುಪೇರು ನೂರರಲ್ಲಿ ಶೇ. 12ಕ್ಕೆ ಇಳಿದಿದೆ. ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆಲ್ಲ ಗೆಲುವಿನ ಪ್ರಮಾಣ ಅದರ ಸಂಭವನೀಯತೆಗೆ ಹತ್ತಿರವಾಗುತ್ತದೆ ಎಂಬ ಬೃಹತ್ ಸಂಖ್ಯೆಗಳ ನಿಯಮ ಇದು; ಜೇಕಬ್ ಬರ್ನೂಲಿಯ ಸಾಧನೆಯಾಗಿ 1713ರಲ್ಲಿ, ಅವರ ನಿಧನಾನಂತರ, ಪ್ರಕಟವಾದದ್ದು. ಹತ್ತಾರು ದಾಳಗಳ ಮೇಲೆ ಅಷ್ಟಾಗಿ ಭರವಸೆ ಇಡಲಾಗದ ಸರಾಸರಿಯನ್ನು ನೂರಾರು ದಾಳಗಳ ಬದಲಿಗೆ ನಿಶ್ಚಿಂತೆಯಿಂದ ಬಳಸಬಹುದು.

ಆದರೆ ಸಂಖ್ಯೆ ಹೆಚ್ಚಾದಾಗ ಅಂತಃಪ್ರಜ್ಞೆ ದಾರಿ ತಪ್ಪುವುದೂ ಉಂಟು. ಆರು ದಾಳಗಳಲ್ಲಿ ಕನಿಷ್ಠ ಒಂದು ಆರು, ಹನ್ನೆರಡರಲ್ಲಿ ಕನಿಷ್ಠ ಎರಡು, ಹದಿನೆಂಟರಲ್ಲಿ ಕನಿಷ್ಠ ಮೂರು, ಇವುಗಳಲ್ಲಿ ಯಾವುದು ಹೆಚ್ಚು ಸಂಭಾವ್ಯ ಎಂದು ಸ್ಯಾಮ್ಯುಯೆಲ್ ಪೀಪ್ಸ್ 1693ರಲ್ಲಿ ಐಸಾಕ್ ನ್ಯೂಟನ್‌ರನ್ನು ಕೇಳಿದ್ದರು. ಮೂರನೆಯದೇ ಹೆಚ್ಚೆಂಬುದು ಪೀಪ್ಸ್ ಅವರ ಊಹೆ. ನ್ಯೂಟನ್ ಮೊದಲನೆಯದನ್ನು ಸರಿಯಾಗಿ ಆರಿಸಿದರು. ಮೂರರ ಸಂಭವನೀಯತೆಗಳು ಕ್ರಮವಾಗಿ ಶೇ. 66.5, ಶೇ. 61.9 ಮತ್ತು ಶೇ. 59.7. ದಾಳಗಳು ಹೆಚ್ಚಿದಂತೆ ಸರಾಸರಿಗಿಂತ ತೀರ ಕಡಿಮೆ ಬೀಳುವ ಅಪಾಯ ತಗ್ಗುತ್ತದೆ ನಿಜ, ಆದರೆ ಸರಾಸರಿಯನ್ನು ಮುಟ್ಟುವ ಅಥವಾ ಮೀರುವ ಸಂಭವನೀಯತೆ ಅರ್ಧದ ಕಡೆಗೆ ಇಳಿಯುತ್ತ ಬರುತ್ತದೆ.

ದಾಳದ ದೋಷ, ನಿಯಮದ ದೋಷ

ಈ ಎಲ್ಲ ಲೆಕ್ಕಗಳೂ ದಾಳ ನಿಷ್ಪಕ್ಷಪಾತಿ ಎಂಬ ನಂಬಿಕೆಯ ಮೇಲೆ ನಿಂತಿವೆ. ಆ ನಂಬಿಕೆಯನ್ನು ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಾಫೆಲ್ ವೆಲ್ಡನ್ ಪ್ರಮುಖರು. ಹನ್ನೆರಡು ದಾಳಗಳನ್ನು ಒಟ್ಟಾಗಿ ಎಸೆಯುವ ಪ್ರಯೋಗ 26,306 ಬಾರಿ ನಡೆದುದರ ದಾಖಲೆಯನ್ನು ಅವರು 1894ರಲ್ಲಿ ಫ್ರಾನ್ಸಿಸ್ ಗಾಲ್ಟನ್‌ಗೆ ಕಳುಹಿಸಿದರು. ಐದು ಅಥವಾ ಆರು ಬೀಳುವ ಪ್ರಮಾಣ 0.3333 ಇರಬೇಕಾದಲ್ಲಿ 0.3377 ಬಂದಿತ್ತು. ಕಾರ್ಲ್ ಪಿಯರ್ಸನ್ 1900ರಲ್ಲಿ ತಮ್ಮ ಪ್ರಸಿದ್ಧ ಕೈ-ವರ್ಗ ಪರೀಕ್ಷೆಯನ್ನು ಮಂಡಿಸಿದಾಗ ಇದೇ ದತ್ತಾಂಶವನ್ನು ಬಳಸಿ, ಈ ವ್ಯತ್ಯಾಸ ಕೇವಲ ಆಕಸ್ಮಿಕವಾಗಿರಲಾರದೆಂದು ತೋರಿಸಿದರು. ಚುಕ್ಕೆಗಳನ್ನು ಕೊರೆದು ಮಾಡಿದ ದಾಳದಲ್ಲಿ ಹೆಚ್ಚು ಚುಕ್ಕೆಯ ಮುಖ ಹಗುರವಾಗಿ ಮೇಲೆ ಬರುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಮೂರು ಲಕ್ಷಕ್ಕೂ ಹೆಚ್ಚು ದಾಳಗಳ ಎಣಿಕೆಯ ನಂತರ ಬಯಲಾದ ಆ ದೋಷ ಶೇಕಡಾ ಅರ್ಧ ಅಂಶಕ್ಕಿಂತಲೂ ಚಿಕ್ಕದು. ಅದೇ ತಂಡ, ಅದೇ ದಾಳ, ಅದೇ ಕಠಿಣತೆ ಇದ್ದಾಗಲೂ ಕೂಡಿಸುವ ನಿಯಮದಿಂದ ಉಂಟಾಗುವ ವ್ಯತ್ಯಾಸ ತೊಂಬತ್ತು ಅಂಶಗಳಿಗಿಂತ ದೊಡ್ಡದು. ಆಟಗಾರರು ತಮ್ಮ ದಾಳವನ್ನು ಶಂಕಿಸುವಷ್ಟು ತಮ್ಮ ನಿಯಮವನ್ನು ಶಂಕಿಸುವುದಿಲ್ಲ, ಆದರೆ ಶಂಕೆಗೆ ಅರ್ಹವಾದದ್ದು ನಿಯಮವೇ.

ಇದರಿಂದ ನಿರ್ವಾಹಕರಿಗೆ ದೊರೆಯುವ ಪಾಠ ಸರಳವಾಗಿದೆ. ಒಬ್ಬರ ತಿಳಿವು ಎಲ್ಲರಿಗೂ ಹಂಚಿಕೆಯಾಗುವ ಕೆಲಸವಾದರೆ ಬಲ್ಲವರೊಬ್ಬರು ನೆರವಿನೊಂದಿಗೆ ಒಮ್ಮೆ ದಾಳ ಉರುಳಿಸಲಿ. ಎಲ್ಲರೂ ಕೂಡಿ ದಾಟಬೇಕಾದ ಅಪಾಯವಾದರೆ ಅರ್ಧದ ನಿಯಮವಿರಲಿ, ಅದನ್ನು ಒಂದು ಪ್ರಸಂಗಕ್ಕೆ ಒಮ್ಮೆ ಮಾತ್ರ ಬಳಸಲಿ. ಅಪಾಯದ ಕಾರಣ ಒಂದೇ ಆದಲ್ಲಿ ದಾಳವೂ ಒಂದೇ ಇರಲಿ, ಕಾರಣಗಳು ಬೇರೆಯಾದಲ್ಲಿ ದಾಳಗಳೂ ಬೇರೆಯಾಗಲಿ. ಶತ್ರುಗಳು ನೂರಾರಾದಾಗ ಸರಾಸರಿಯೇ ಸಾಕು, ಹತ್ತು ಹನ್ನೆರಡಾದಾಗ ದಾಳವನ್ನೇ ಉರುಳಿಸುವುದು ನ್ಯಾಯ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ನಿಯಮದಲ್ಲಿ ಅಂಕೆಗಳನ್ನು ಕೂಡಿಸಲಾಗುವುದು ಎಂಬುದನ್ನು ದಾಳ ಕೈಬಿಡುವ ಮುನ್ನವೇ ಮೇಜಿನ ಸುತ್ತ ಕುಳಿತ ಎಲ್ಲರಿಗೂ ತಿಳಿಸಬೇಕು. ಫಲಿತಾಂಶ ನೋಡಿದ ಮೇಲೆ ಆರಿಸಿದ ನಿಯಮದಲ್ಲಿ ಸಂಭವನೀಯತೆಗೆ ಯಾವ ಪಾತ್ರವೂ ಉಳಿದಿರುವುದಿಲ್ಲ.